ನಲವತ್ತೊಂದನೇ ನಂಬರು

ಮಲಕವ್ವನಿಗೆ ಜಲಪಾತ ನೋಡುವ ಹಂಬಲ ಎಳ್ಳಷ್ಟೂ ಇರಲಿಲ್ಲ. ಅವಳನ್ನು ಹೊರಡಿಸಿದವಳು ಭಾಗ್ಯಶ್ರೀ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಭಾನುವಾರ ಮಧ್ಯಾಹ್ನದ ಮೇಲೆ ಭಾಗ್ಯಶ್ರೀಯ ಎದೆಯೊಳಗೆ ಒನಕೆ ಹಾಕಿದಂತೆ ಕುಟ್ಟುತ್ತಿದ್ದದ್ದು ಅದೊಂದೇ ಮಾತು: ನಾನೇ ಕರಕೊಂಡು ಬಂದೆ, ನಾನೇ.

ಇಬ್ಬರೂ ಬಾದಾಮಿ ಕಡೆಯವರು. ಚಂದಾಪುರದ ಹಿಂದಿನ ಬೀದಿಯಲ್ಲಿ ಚಿಕ್ಕಬೈರಪ್ಪನವರ ವಠಾರದಲ್ಲಿ ಅಕ್ಕಪಕ್ಕದ ಬಾಡಿಗೆ ಕೋಣೆ. ಒಂದೇ ಗಾರ್ಮೆಂಟ್ಸಿನಲ್ಲಿ ಕೆಲಸ. ಇಪ್ಪತ್ತಾರರ ಭಾಗ್ಯಶ್ರೀ ಅಂಗಿಯ ಕಾಲರು ಹೊಲಿಯುತ್ತಾಳೆ, ಐವತ್ತೈದರ ಮಲಕವ್ವ ಹೊಲಿದ ಅಂಗಿಗಳ ಉಳಿದ ದಾರ ಕತ್ತರಿಸುತ್ತಾಳೆ. ರಕ್ತಸಂಬಂಧ ಏನೂ ಇಲ್ಲ. ಆದರೂ ಭಾಗ್ಯಶ್ರೀ ಅವಳನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ, ಚಿಗವ್ವನಂತೆಯೇ ಜಗಳವಾಡುತ್ತಾಳೆ, ಚಿಗವ್ವನ ಕೈಯ ರೊಟ್ಟಿಯನ್ನೇ ತಿನ್ನುತ್ತಾಳೆ. ಎರಡು ವರ್ಷದ ಹಿಂದೆ ಒಂದೇ ದಿನ ಕೆಲಸಕ್ಕೆ ಸೇರಿದ್ದರಿಂದ ಟೋಕನ್ ನಂಬರು ಅಕ್ಕಪಕ್ಕದ್ದೇ ಬಂದಿತ್ತು: ನಲವತ್ತು, ನಲವತ್ತೊಂದು.

ಇನ್ನು ಬೆಳಗಿನ ಕಥೆ. ಕಂಪನಿಯ ಟೆಂಪೊ ಏಳೂವರೆಗೆ ಬೀದಿಯ ತುದಿಗೆ ಬಂದು ನಿಲ್ಲುತ್ತದೆ. ವಠಾರದ ಬೋರಿನ ನೀರು ಬಿಡುವುದೂ ಸರಿಯಾಗಿ ಆಗಲೇ. ಚಿಕ್ಕಬೈರಪ್ಪನವರಿಗೆ ಕಂಪನಿಯ ಗಂಟೆ ಗೊತ್ತಿಲ್ಲವೆಂದಲ್ಲ, ಅವರ ಕಾಫಿ ಮುಗಿಯುವುದೇ ಆವಾಗ, ಏನು ಮಾಡೋಣ! ಮಲಕವ್ವ ತನ್ನ ಕೊಡಗಳ ಜೊತೆಗೆ ಭಾಗ್ಯಶ್ರೀಯ ಕೊಡಗಳನ್ನೂ ತುಂಬಿಸಿಟ್ಟು ಬರಬೇಕು. "ನೀ ನಡಿ, ನಾ ಹಿಂದ ಬಂದೆ" ಎಂದು ನಲ್ಲಿಯ ಬಳಿಯಿಂದಲೇ ಕೈಯಾಡಿಸುತ್ತಾಳೆ. ಟೆಂಪೊದ ಮುಂದಿನ ಸೀಟಿನಲ್ಲಿ ಸೂಪರ್‌ವೈಸರ್ ಸವಿತಾ ಪಟ್ಟಿ ಹಿಡಿದು ನಂಬರು ಕೂಗುತ್ತಾಳೆ. ನಲವತ್ತು ಎಂದರೆ ಭಾಗ್ಯಶ್ರೀ ತನ್ನ ದನಿಯಲ್ಲಿ "ಅದೀನ್ರೀ" ಎನ್ನುತ್ತಾಳೆ. ನಲವತ್ತೊಂದು ಎಂದರೆ ತಲೆ ತಗ್ಗಿಸಿ, ಗಂಟಲು ದಪ್ಪ ಮಾಡಿಕೊಂಡು, ಇನ್ನೊಂದು "ಅದೀನ್ರೀ". ಸವಿತಾ ಪಟ್ಟಿಯಿಂದ ಕಣ್ಣೆತ್ತುವುದಿಲ್ಲ. ಮುನೇಶ್ವರನ ಗುಡಿ ಮುಂದಿನ ಹಂಪಿನಲ್ಲಿ ಗಾಡಿ ನಿಧಾನವಾದಾಗ ಅಡ್ಡದಾರಿಯಿಂದ ಓಡಿಬಂದ ಮಲಕವ್ವ ಹಿಂದಿನ ಬಾಗಿಲಿನಿಂದ ಹತ್ತಿಕೊಳ್ಳುತ್ತಾಳೆ. ಫ್ಯಾಕ್ಟರಿಯ ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಎರಡು ವರ್ಷ ಹೀಗೇ ನಡೆದಿತ್ತು, ಯಾರ ಗಂಟೇನೂ ಹೋಗಿರಲಿಲ್ಲ.

ದಸರೆ ಮುಗಿದ ಮೇಲೆ ದೊಡ್ಡ ಆರ್ಡರ್ ಹೊತ್ತಿಗೆ ಸರಿಯಾಗಿ ಮುಗಿಸಿಕೊಟ್ಟರೆಂದು ಕಂಪನಿಯವರು ಎರಡು ಟೆಂಪೊ ಕೊಟ್ಟು, ಪುಳಿಯೋಗರೆ ಪೊಟ್ಟಣ ಕೊಟ್ಟು, ಹೋಗಿ ಬನ್ನಿ ಎಂದರು. ಆನೇಕಲ್ ದಾಟಿ ಕಾಡಂಚಿನಲ್ಲಿ ಮುತ್ತುಗದ ಹಳ್ಳ ಎಂಬ ಕಣಿವೆ. ಮೆಟ್ಟಿಲಿಳಿದು ಸ್ವಲ್ಪ ನಡೆದರೆ, ಗಾಡಿ ನಿಲ್ಲುವ ಜಾಗದ ನೇರ ಕೆಳಗೇ, ಎರಡು ಝರಿ.

"ನೀರ ಬೀಳೂದ್ ನೋಡಾಕ ಅಷ್ಟ ದೂರ ಹೋಗಬೇಕೇನ? ದಿನಾ ಬೆಳಿಗ್ಗೆ ನಲ್ಯಾಗ ನೋಡತೀನಲ್ಲ," ಎಂದಳು ಮಲಕವ್ವ.

"ಒಂದ ದಿನಾರ ಕೊಡ ಬಿಟ್ಟ ಬಾ ಚಿಗವ್ವಾ. ನಾ ಅದೀನಿ, ಕೈ ಹಿಡದ ಕರಕೊಂಡ ಹೋಗ್ತೀನಿ," ಎಂದು ಭಾಗ್ಯಶ್ರೀ ಗಂಟುಬಿದ್ದಳು.

ಹೊರಡುವ ಮುಂಚೆ ಮಲಕವ್ವನ ಮಗ ಸಿದ್ರಾಮ ಫೋನು ಮಾಡಿದ. ಅವನು ವರ್ತೂರಿನ ಕಡೆ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಸೆಂಟ್ರಿಂಗ್ ಕೆಲಸದವನು, ಅಲ್ಲೇ ಶೆಡ್ಡಿನಲ್ಲಿ ಇರುತ್ತಾನೆ. "ಅವ್ವನ ಮಣಕಾಲ ನಿನಗ ಗೊತ್ತೈತಲ್ಲ ಭಾಗ್ಯಾ. ನಿನ್ನ ಮ್ಯಾಲ ಬಿಟ್ಟೀನಿ ನೋಡು," ಎಂದ. ಆ ಮಾತು ಭಾಗ್ಯಶ್ರೀಯ ಜೊತೆಗೇ ಟೆಂಪೊ ಹತ್ತಿತು.

ಕಣಿವೆಯ ಗೇಟಿನಲ್ಲಿ ಕಾವಲುಗಾರ ಹನುಮಯ್ಯ ಆ ಮಾತಿಗೆ ಇನ್ನಷ್ಟು ಒಗ್ಗರಣೆ ಹಾಕಿದ. ಖಾಕಿ ಅಂಗಿ, ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಬಿದಿರು ಕೋಲು. "ಎರಡ್ನೇ ಝರಿ ತಾವ ಜಾಸ್ತಿ ಒತ್ತು ಕೂರಬ್ಯಾಡ್ರವ್ವಾ. ಇಲ್ಲಿ ಬಿಸ್ಲು ಅಂತ ನಂಬಂಗಿಲ್ಲ, ಮೇಲ್ಗಡೆ ಗುಡ್ಡದಾಗೆ ಮಳೆ ಬಿದ್ರೆ ಇಲ್ಲಿಗೆ ನೀರು ಬತ್ತದೆ," ಎಂದ. ಇಪ್ಪತ್ತೆರಡು ಹೆಂಗಸರಲ್ಲಿ ಅದನ್ನು ಕಿವಿಗೆ ಹಾಕಿಕೊಂಡವಳು ಭಾಗ್ಯಶ್ರೀ ಒಬ್ಬಳೇ. ಉಳಿದವರು ಆಗಲೇ ಸೆಲ್ಫಿಗೆ ತಲೆ ಬಾಚಿಕೊಳ್ಳುತ್ತಿದ್ದರು.

ನೂರೆಂಬತ್ತಾರು ಮೆಟ್ಟಿಲು. ಮಲಕವ್ವ ಒಂದೊಂದಕ್ಕೂ "ಯಪ್ಪಾ" ಎನ್ನುತ್ತ ಇಳಿದಳು. ಇಳಿದ ಮೇಲೆ ಮಾತ್ರ ಅವಳ ಮುಖ ಅರಳಿತು. ಎರಡೂ ಕಡೆ ಬಂಡೆ, ನಡುವೆ ಬಿದಿರು, ಹೊಂಗೆ, ತಣ್ಣನೆ ನೆರಳು, ಕಾಲ ಪಕ್ಕದಲ್ಲೇ ಹಳ್ಳದ ನೀರಿನ ಸದ್ದು. ಮೊದಲ ಝರಿ ಮನೆಯ ಸೂರಿನ ಎತ್ತರದ್ದು. ಅದರ ಮುಂದೆ ಅವಳು ಕೈಮುಗಿದು ನಿಂತಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪುಟ್ಟ ಫೋನನ್ನು ತೆಗೆದು, "ನೀರಾಗ ಬಿದ್ದೀತು, ನಿನ್ನ ಚೀಲದಾಗ ಇಟಗೋ," ಎಂದು ಭಾಗ್ಯಶ್ರೀಗೆ ಕೊಟ್ಟಳು.

ಎರಡನೇ ಝರಿಗೆ ಹಳ್ಳ ದಾಟಬೇಕು. ನೀರು ಪಾದ ಮುಳುಗುವಷ್ಟು, ನಡುವೆ ಏಳೆಂಟು ಕಲ್ಲು. ಭಾಗ್ಯಶ್ರೀ ಕೈಹಿಡಿದು ದಾಟಿಸಿದಳು. ಆಚೆ ದಡ ಸೇರಿದ ಮೇಲೆ ಮಲಕವ್ವ ಒಂದು ಚಪ್ಪಟೆ ಬಂಡೆಯ ಮೇಲೆ ಕೂತೇಬಿಟ್ಟಳು. "ಇಲ್ಲಿಂದ ಮುಂದ ನನ್ನ ಕೈಲೆ ಆಗೂದಿಲ್ಲವ್ವ. ನೀ ನೋಡಿ ಬಾ, ನಾ ಇಲ್ಲೇ ಕುಂತಿರ್ತೀನಿ."

ಬಿಟ್ಟು ಹೋಗಬೇಕೋ ಬೇಡವೋ ಎಂದು ಭಾಗ್ಯಶ್ರೀ ಎರಡು ಸಲ ತಿರುಗಿ ನೋಡಿದಳು. ಆದರೆ ದೊಡ್ಡ ಝರಿ ಅಲ್ಲೇ, ಐವತ್ತು ಹೆಜ್ಜೆ ಆಚೆ ಗುಡುಗುತ್ತಿತ್ತು. ಹೋದಳು. ಫೋಟೊ ತೆಗೆದಳು, ಮುಖಕ್ಕೆ ಹನಿ ಹಾರಿಸಿಕೊಂಡಳು, ಒಂದು ಹತ್ತು ನಿಮಿಷ ಎಲ್ಲವನ್ನೂ ಮರೆತಳು. ಅಷ್ಟರಲ್ಲಿ ಮೇಲಿನಿಂದ ದಪ್ಪ ದಪ್ಪ ಹನಿ ಬಿತ್ತು, ಆಮೇಲೆ ಧಾರೆಯೇ. ಹೆಂಗಸರು ಕಿರುಚುತ್ತ, ನಗುತ್ತ, ಸೆರಗು ದುಪ್ಪಟ್ಟಾ ತಲೆಗೆ ಎಳೆದುಕೊಂಡು ವಾಪಸು ಓಡಿದರು. ಬಂಡೆಯ ಹತ್ತಿರ ಮಲಕವ್ವ ಬಗ್ಗಿ ಏನೋ ಹುಡುಕುತ್ತಿದ್ದಳು.

"ಚಿಗವ್ವಾ, ಏಳ! ಮಳಿ ಬಂತು!"

"ಒಂದ ಚಪ್ಪಲಿ ಎಲ್ಲಿ ಜಾರೈತೋ ಏನೋ. ನೀ ನಡಿ, ನಾ ಹಿಂದ ಬಂದೆ!"

ದಿನಾ ಬೆಳಿಗ್ಗೆ ಕೇಳಿದ ಮಾತೇ ಅದು. ದಿನಾ ಬೆಳಿಗ್ಗೆ ನಡೆದ ಹಾಗೆಯೇ ಭಾಗ್ಯಶ್ರೀ ನಡೆದಳು.

ಫ್ಯಾಕ್ಟರಿಯ ಎರಡನೇ ಲೈನಿನವರ ಇನ್ನೊಂದು ಟೆಂಪೊ ಆಗಲೇ ಹೊರಟುಹೋಗಿತ್ತು. ಇವರ ಟೆಂಪೊದೊಳಗೆ ಒದ್ದೆ ಬಟ್ಟೆ, ನೂಕಾಟ, ಗಾಜಿಗೆಲ್ಲ ಆವಿ. ಮಳೆಗೆ ಹೆದರಿದ ಸವಿತಾ ಮುಂದಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ, ಕೆಳಗಿರುವವರಿಗೂ ಕೇಳಲೆಂದು, ಗಂಟಲು ಹರಿಯುವಂತೆ ನಂಬರು ಕೂಗಿದಳು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.

"ಅದೀನ್ರೀ."

"ನಲವತ್ತೊಂದು!"

"ಅದೀನ್ರೀ," ಎಂದಿತು ಭಾಗ್ಯಶ್ರೀಯ ದಪ್ಪ ಗಂಟಲು.

ತಿರುಗಿ ನೋಡಿದಳೇ? ನೋಡಲಿಲ್ಲ. ಹಿಂದಿನ ಬಾಗಿಲಿನಿಂದ ಹತ್ತುತ್ತಾಳೆ ಎಂದುಕೊಂಡಳು, ಇಲ್ಲವೇ ಮುಂದಿನ ಗಾಡಿಯಲ್ಲಿ ಹೋಗಿರುತ್ತಾಳೆ ಎಂದುಕೊಂಡಳು, ಇಲ್ಲವೇ ಏನೂ ಅಂದುಕೊಳ್ಳಲೇ ಇಲ್ಲ. ಬಾಯಿ ಅಭ್ಯಾಸದ ಮೇಲೆ ನುಡಿಯಿತು, ಅಷ್ಟೇ. ಸವಿತಾ ಟಿಕ್ ಹಾಕಿದಳು, ಬಾಗಿಲು ಎಳೆದುಕೊಂಡಳು, ಡ್ರೈವರ್ ಗುರುರಾಜ್ ಗಾಡಿ ಬಿಟ್ಟ.

ಐದಾರು ಕಿಲೋಮೀಟರು ಕಳೆದಿರಬೇಕು. ಹಿಂದಿನ ಸೀಟಿನವರು ಹಾಡು ಹಚ್ಚಿದ್ದರು. ಭಾಗ್ಯಶ್ರೀಯ ತೊಡೆಯ ಮೇಲಿನ ಚೀಲದೊಳಗೆ ಫೋನು ಗುರ್ರೆಂದಿತು. ಅವಳದಲ್ಲ, ಮಲಕವ್ವನದು. ಆ ಪುಟ್ಟ ಪರದೆಯ ಮೇಲೆ ಸಿದ್ರಾಮನ ಹೆಸರು. ಎತ್ತಿ ಹಲೋ ಎಂದಳು.

"ಅವ್ವಗ ಕೊಡು ಭಾಗ್ಯಾ. ಈ ಕಡೆ ಭಾಳ ಮಳಿ. ಅಲ್ಲಿ ಹೆಂಗೈತಿ?"

ಭಾಗ್ಯಶ್ರೀ ಹಿಂದೆ ತಿರುಗಿ ಒಂದೊಂದೇ ಮುಖ ನೋಡಿದಳು. ಮತ್ತೊಮ್ಮೆ ನೋಡಿದಳು. "ಚಿಗವ್ವ ಮುಂದಿನ ಗಾಡ್ಯಾಗ ಅದಾಳ," ಎಂದಳು, ಫೋನು ಇಟ್ಟಳು. ಮುಂದಿನ ಟೆಂಪೊದಲ್ಲಿದ್ದ ಗೆಳತಿ ಮಂಜುಶ್ರೀಗೆ ಫೋನು ಹಚ್ಚಿದಳು.

"ಮಲಕವ್ವನಾ? ಇಲ್ಲ ಕಣೇ, ಇಲ್ಲಿಲ್ಲ. ನಿಮ್ ಗಾಡೀಲೇ ಅಲ್ವಾ ಬಂದಿದ್ದು?"

ಕಣ್ಣ ಮುಂದೆ ಆ ಕಲ್ಲುಗಳು ಬಂದವು, ಪಾದ ಮುಳುಗುವ ನೀರು ಬಂತು, ಹನುಮಯ್ಯನ ಮಾತು ಬಂತು. ಈಗ ಏಳಬೇಕು, ಮುಂದೆ ಹೋಗಬೇಕು, ಸವಿತಾ ಮೇಡಂಗೆ ಹೇಳಬೇಕು. ಹೇಳಿದರೆ? ಎರಡು ವರ್ಷದ ಸುಳ್ಳು ಹೊರಬೀಳುತ್ತದೆ. ಇಬ್ಬರನ್ನೂ ಗೇಟಿನಿಂದಾಚೆ ಕಳಿಸುತ್ತಾರೆ. ತಾನು ಎಲ್ಲಾದರೂ ಹೊಲಿದು ತಿಂದೇನು, ಐವತ್ತೈದರ ಮಣಕಾಲಿಗೆ ಇನ್ನೆಲ್ಲಿ ಕೆಲಸ? ಗಾಡಿ ಒಂದು ತಿರುವು ದಾಟಿತು. ಎರಡನೇ ತಿರುವು ದಾಟಿತು. ಏನಾದರೂ ಒಂದು ನೆಪ ಹೊಳೆದೀತೇ ಎಂದು ತಲೆ ತಡಕಾಡಿತು. ಥೂ ನಿನ್ನ, ಅಲ್ಲಿ ಆಕೆ ನೀರಿನಾಚೆ ಕೂತಿದ್ದಾಳೆ, ಇಲ್ಲಿ ನೀನು ನೆಪ ಹುಡುಕುತ್ತೀಯಲ್ಲೇ! ಮೂರನೇ ತಿರುವಿನಲ್ಲಿ ಅವಳು ಎದ್ದಳು.

"ಮೇಡಂ, ಗಾಡಿ ತಿರುಗಿಸ್ರೀ. ಮಲಕವ್ವ ಕೆಳಗೇ ಉಳಿದಾಳ."

ಸವಿತಾ ನಕ್ಕಳು. "ಏನಮ್ಮಾ ತಮಾಷೆನಾ? ಒಂದೊಂದೇ ನಂಬರ್ ಕೂಗಿ ಎಣ್ಸಿದ್ದು ನಾನು. ನಲವತ್ತೊಂದು ಅಂದೆ, ಅದೀನ್ರೀ ಅಂದ್ಲು. ನೋಡು, ಟಿಕ್ ಇದೆ. ಹಿಂದೆ ಎಲ್ಲೋ ಮಲಗಿರ್ತಾಳೆ."

"ಹಿಂದ ಇಲ್ರೀ. ಮುಂದಿನ ಗಾಡ್ಯಾಗೂ ಇಲ್ಲ."

"ಹಾಗಾದ್ರೆ ಅದೀನ್ರೀ ಅಂದಿದ್ದು ಯಾರು? ದೆವ್ವಾನಾ?"

"ನಾನ್ರೀ."

ಹಾಡು ನಿಂತಿತು.

"ಯಾಕೆ?"

"ದಿನಾ ನಾನ ಹೇಳೂದ್ರೀ. ರೂಢಿ ಮ್ಯಾಲ ಬಂದಬಿಡ್ತು."

ಸವಿತಾಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಪಟ್ಟಿಗೆ ಸಹಿ ಹಾಕಿದವಳು ಅವಳು. "ಗುರುರಾಜಣ್ಣ, ತಿರುಗ್ಸಿ! ಈಗ್ಲೇ!"

"ಇಷ್ಟಗಲ ರೋಡಲ್ಲಿ ಎಲ್ಲಿ ಮೇಡಂ ತಿರುಗ್ಸೋದು?" ಎಂದು ಗೊಣಗಿದ ಗುರುರಾಜ್, ಕಿಲೋಮೀಟರು ಮುಂದೆ ಹೋಗಿ ಒಂದು ಇಟ್ಟಿಗೆ ಗೂಡಿನ ಅಂಗಳದಲ್ಲಿ ತಿರುಗಿಸಿದ. ಆ ಒಂದು ಕಿಲೋಮೀಟರು ಭಾಗ್ಯಶ್ರೀ ಹೇಗೆ ಕಳೆದಳೋ ಅವಳಿಗೇ ಗೊತ್ತು. ಚೀಲದೊಳಗೆ ಫೋನು ಮತ್ತೆ ಗುರ್ರೆಂದಿತು. ಅವಳು ತೆಗೆಯಲಿಲ್ಲ. ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಳು, ಕಂಡ ಕಂಡ ಕಲ್ಲಿಗೆಲ್ಲ ಕೈಮುಗಿದಳು.

ಹನುಮಯ್ಯ ಗೇಟಿಗೆ ಸರಪಳಿ ಸುತ್ತುತ್ತಿದ್ದ. "ಕೆಳ್ಗೆ ಯಾರೂ ಇಲ್ಲ, ಎಲ್ಲಾ ಅತ್ತಿ ಬಂದವ್ರೆ ಅಂತ ನೀವೇ ಏಳಿದ್ರಲ್ಲವ್ವಾ!" ಎಂದವನು ಭಾಗ್ಯಶ್ರೀಯ ಮುಖ ನೋಡಿ ಸರಪಳಿ ಬಿಟ್ಟ. ಕೋಲು ಹಿಡಿದು ಇಳಿದೇಬಿಟ್ಟ. ಹಿಂದೆ ಭಾಗ್ಯಶ್ರೀ, ಅವಳ ಹಿಂದೆ ಹಬ್ಬಕ್ಕೆ ಕೊಂಡ ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಿನ ಸವಿತಾ. ಮಳೆ ನಿಂತಿತ್ತು. ಆದರೆ ಕೆಳಗಿನಿಂದ ಬರುತ್ತಿದ್ದ ಸದ್ದು ಮೊದಲಿನದಲ್ಲ.

ಹಳ್ಳ ಕೆಂಪಗೆ ಹರಿಯುತ್ತಿತ್ತು. ದಾಟಿದ ಕಲ್ಲುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಈಚೆ ದಡದ ಬೇರಿನಲ್ಲಿ ಒಂದು ನೀಲಿ ಹವಾಯಿ ಚಪ್ಪಲಿ ಸಿಕ್ಕಿಕೊಂಡಿತ್ತು, ಕಿತ್ತ ಪಟ್ಟಿಗೆ ಪಿನ್ನು ಹಾಕಿದ್ದು. ಆ ಪಿನ್ನು ಹಾಕಿಕೊಟ್ಟವಳು ಭಾಗ್ಯಶ್ರೀಯೇ. ಅದನ್ನು ಎದೆಗೆ ಒತ್ತಿಕೊಂಡು "ಚಿಗವ್ವಾ!" ಎಂದು ಕೂಗಿದಳು. ಆಚೆಯ ಚಪ್ಪಟೆ ಬಂಡೆಯ ಮೇಲೆ ಯಾರೂ ಇರಲಿಲ್ಲ, ಅದರ ಅರ್ಧ ನೀರಿನಲ್ಲಿತ್ತು. ಮತ್ತೆ ಕೂಗಿದಳು. ಸವಿತಾ ಕೂಗಿದಳು. ನೀರಿನ ಆರ್ಭಟದಲ್ಲಿ ಇಬ್ಬರ ದನಿಯೂ ಹುಟ್ಟಿದಲ್ಲೇ ಸತ್ತಿತು. ಸಿದ್ರಾಮನಿಗೆ ಏನು ಹೇಳಲಿ, ಯಾವ ಬಾಯಲ್ಲಿ ಹೇಳಲಿ!

"ಅಗೋ," ಎಂದ ಹನುಮಯ್ಯ.

ಬಂಡೆಯಿಂದ ಎರಡಾಳು ಮೇಲೆ, ಮುಂದಕ್ಕೆ ಚಾಚಿದ ಒಂದು ಕಲ್ಲಿನ ಕೆಳಗೆ, ಹಸಿರು ಸೀರೆ. ಪುಳಿಯೋಗರೆ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಮಲಕವ್ವ ಕೂತಿದ್ದಳು. ಭಾಗ್ಯಶ್ರೀಯನ್ನು ಕಂಡದ್ದೇ ತಡ, ಅವಳು ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಸರಸರನೆ ಇಳಿಯತೊಡಗಿದಳು.

"ಅಯ್ಯೋ, ನೀರಿಗಿಳಿದಾರು! ತಡೀರಿ!" ಎಂದು ಹನುಮಯ್ಯ ಕೋಲು ಬೀಸಿದ. "ಬರಬ್ಯಾಡ ಚಿಗವ್ವಾ! ಬರಬ್ಯಾಡ!" ಎಂದು ಭಾಗ್ಯಶ್ರೀ ಎರಡೂ ಕೈ ಬೀಸಿದಳು. ಬೀಸಿದಷ್ಟೂ ಮಲಕವ್ವ ಬೇಗ ಬೇಗ ಇಳಿದಳು. ಬೇಗ ಬಾ ಎನ್ನುತ್ತಿದ್ದಾರೆ ಎಂದೇ ಅವಳ ತಿಳಿವಳಿಕೆ. ಎರಡು ವರ್ಷ ದಿನಾ ಬೆಳಿಗ್ಗೆ ಹೊರಟ ಗಾಡಿಯ ಹಿಂದೆ ಓಡಿದವಳಿಗೆ, ಭಾಗ್ಯಶ್ರೀ ನಿಂತುಕೊಂಡು ಕೈ ಬೀಸಿದರೆ ಗಾಡಿ ಹೋಗುತ್ತಿದೆ ಎಂದೇ ಅರ್ಥ. ಅವಳ ಒಂದು ಕಾಲು ನೀರಿಗೆ ಬಿತ್ತು. ನೀರು ಮೊಣಕಾಲಿಗೆ ಬಂತು.

ಭಾಗ್ಯಶ್ರೀಗೆ ಅದು ಹೇಗೆ ಹೊಳೆಯಿತೋ. ಕೈ ಬೀಸುವುದನ್ನು ಬಿಟ್ಟಳು. ಇದ್ದಲ್ಲೇ, ಕೆಸರಿನಲ್ಲೇ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಹೊತ್ತು ಹೋಗದವರ ಹಾಗೆ ಗಲ್ಲಕ್ಕೆ ಕೈಕೊಟ್ಟಳು. "ಮೇಡಂ, ನೀವೂ ಕುಂದರ್ರೀ, ನಿಮ್ಮ ಕಾಲ ಬೀಳ್ತೀನಿ!" ಎಂದಳು. ಸವಿತಾ ಒಂದು ಕ್ಷಣ ಪಿಳಿಪಿಳಿ ನೋಡಿದಳು, ಆಮೇಲೆ ಇಸ್ತ್ರಿಯ ಚೂಡಿದಾರದಲ್ಲೇ ಪಕ್ಕದಲ್ಲಿ ಕೂತಳು. ಹನುಮಯ್ಯನೂ ಕುಕ್ಕರಗಾಲಲ್ಲಿ ಕೂತ.

ಆಚೆ ದಡದಲ್ಲಿ ಮಲಕವ್ವ ನಿಂತಳು. ಇವರನ್ನು ನೋಡಿದಳು. ಅವಸರವಿಲ್ಲ ಎಂದು ಅವಳಿಗೆ ತಿಳಿಯಿತು. ಕಾಲು ಹಿಂದಕ್ಕೆ ತೆಗೆದು, ಹಿಂದಿನ ಕಲ್ಲಿಗೆ ಹೋಗಿ, ನಿಧಾನವಾಗಿ ಕೂತಳು. ಭಾಗ್ಯಶ್ರೀ ಕೆಸರಿನಲ್ಲಿ ಕೂತೇ ಬಿಕ್ಕಿ ಬಿಕ್ಕಿ ಅತ್ತಳು.

"ಗುಡ್ಡದ ನೀರು, ಏರಿದಂಗೇ ಇಳೀತದೆ," ಎಂದ ಹನುಮಯ್ಯ. ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಭಾಗ್ಯಶ್ರೀ ಕಣ್ಣು ಕೀಳಲಿಲ್ಲ. ಮೊದಲ ಕಲ್ಲು ತಲೆಯೆತ್ತಿತು, ಆಮೇಲೆ ಎರಡನೆಯದು. ಹನುಮಯ್ಯ ಕೋಲೂರಿ ದಾಟಿ, ಮಲಕವ್ವನ ರಟ್ಟೆ ಹಿಡಿದು ಕರೆತಂದ. ಭಾಗ್ಯಶ್ರೀ ಅವಳನ್ನು ತಬ್ಬಿಕೊಂಡದ್ದೂ ಆಯಿತು, ಬೈದದ್ದೂ ಆಯಿತು.

"ಮ್ಯಾಲಿಂದ ಅಷ್ಟ ಕೂಗಿದ್ವಲ್ಲ, ಕೇಳಿಸ್ಲಿಲ್ಲೇನ ನಿನಗ?"

"ಕೇಳಿಸ್ತವ್ವ. ಆವಾಗ ನೀರ ಇಷ್ಟ ಇದ್ದಿದ್ದಿಲ್ಲ. ಮೂವತ್ತು, ನಲವತ್ತು ಅಂತ ಏನೋ ಎಣಸಾಕತ್ತಿದ್ರು. ಊಟದ ಪೊಟ್ಟಣ ಎಣಸಾಕತ್ತಾರ ಅನಕೊಂಡೆ. ಹೊತ್ತೈತಿ, ನನ್ನ ಹೆಸರ ಹಿಡದ ಕೂಗಿದಾಗ ಏಳೂಣು ಅಂತ ಕುಂತೆ. ಅಷ್ಟರಾಗ ಹಳ್ಳ ಬಂತು."

ಮೆಟ್ಟಿಲು ಹತ್ತುವಾಗ ಒಂದು ಕಡೆಯಿಂದ ಭಾಗ್ಯಶ್ರೀ ಹಿಡಿದರೆ ಇನ್ನೊಂದು ಕಡೆಯಿಂದ ಸವಿತಾಳೇ ಹಿಡಿದಳು. ಮೇಲೆ ಬಂದ ಮೇಲೆ ಭಾಗ್ಯಶ್ರೀ ಸಿದ್ರಾಮನಿಗೆ ಫೋನು ಹಚ್ಚಿ ಅವ್ವನ ಕಿವಿಗೆ ಹಿಡಿದಳು.

ಟೆಂಪೊದಲ್ಲಿ ಯಾರಿಗೂ ಹಾಡುವ ಮನಸ್ಸಿರಲಿಲ್ಲ. ಸವಿತಾ ಒದ್ದೆಯಾಗಿ ಶಾಯಿ ಹರಡಿದ ಪಟ್ಟಿಯನ್ನು ಬಿಡಿಸಿದಳು. ಈ ಸಲ ನಡುವಿನ ದಾರಿಯಲ್ಲಿ ಎದ್ದು ನಿಂತು, ಒಬ್ಬೊಬ್ಬರ ಮುಖ ನೋಡಿ ಕೂಗಿದಳು.

"ನಲವತ್ತು."

"ಅದೀನ್ರೀ."

"ನಲವತ್ತೊಂದು."

ಭಾಗ್ಯಶ್ರೀಯ ಗಂಟಲು ತನ್ನಷ್ಟಕ್ಕೆ ದಪ್ಪವಾಗತೊಡಗಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನಲವತ್ತೊಂದು," ಎಂದಳು ಸವಿತಾ ಇನ್ನೊಮ್ಮೆ.

ಮಲಕವ್ವ ಅತ್ತ ನೋಡಿದಳು, ಇತ್ತ ನೋಡಿದಳು. ಗಾಬರಿಯಿಂದ ಅರ್ಧ ಎದ್ದಳು. "ಯವ್ವಾ, ಯಾರ ಅದು ನಲವತ್ತೊಂದು? ಪಾಪ, ಆಕೀನೂ ಕೆಳಗ ಉಳದಾಳೇನ ನೋಡ್ರೇ! ಗಾಡಿ ಬಿಡಬ್ಯಾಡೋ ಯಪ್ಪಾ!"

ಒಬ್ಬರೂ ನಗಲಿಲ್ಲ. ಭಾಗ್ಯಶ್ರೀ ಅವಳ ಕೈ ಹಿಡಿದು ಕೂರಿಸಿದಳು. "ಚಿಗವ್ವಾ, ಅದು ನೀನ."

"ನಾನ?"

"ಹೂಂ. ಸೇರಿದ ದಿನದಿಂದ."

ಮಲಕವ್ವ ಕಿಟಕಿಯಾಚೆ ಕಣಿವೆಯ ಕಡೆ ನೋಡಿದಳು. "ಹಂಗಂದ್ರ ಮ್ಯಾಲಿಂದ ಕೂಗಿದ್ದು ನನ್ನನ್ನ?"

ಭಾಗ್ಯಶ್ರೀ ತಲೆ ತಗ್ಗಿಸಿದಳು. ಸವಿತಾ ಪೆನ್ನು ಹಿಡಿದು ಕಾಯುತ್ತಿದ್ದಳು. ಮೂರನೇ ಸಲ, ಮೆಲ್ಲಗೆ, ಆ ನಂಬರನ್ನು ಮಲಕವ್ವನ ಕಡೆಗೇ ತಿರುಗಿ ಹೇಳಿದಳು.

"ಅದೀನ್ರೀ," ಎಂದಳು ಮಲಕವ್ವ. ಸಣ್ಣ, ಎಳೆಯ ದನಿ. ಎರಡು ವರ್ಷ ಭಾಗ್ಯಶ್ರೀ ತೆಗೆದ ದಪ್ಪ ದನಿಗೂ ಇದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ.